ಕಿಟಕಿಯಿಂದ ಕಲಿತ ಕಾರು

ಈ ಮನೆಗೆ ಬಂದು ಹನ್ನೆರಡು ವರ್ಷವಾದರೂ ಹಿರಿಯ ಸೊಸೆಯ ಕೈಗೆ ಕಾರಿನ ಕೀಲಿ ಬಂದಿರಲಿಲ್ಲ. ನಿನ್ನೆ ಮೊನ್ನೆ ಬಂದ ಕಿರಿಯವಳು ಮಾತ್ರ ಪ್ರತಿ ಭಾನುವಾರ ಬೆಳಿಗ್ಗೆ ಬಾನೆಟ್ಟು ಎತ್ತಿ, ಆಯಿಲ್ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುವಳು. ಮಾವ ಪಕ್ಕದಲ್ಲೇ ನಿಂತು ಹೇಳಿಕೊಡುತ್ತಾ ಬೀಗುವರು. ಅಡುಗೆಮನೆಯ ಕಿಟಕಿಯ ಬಳಿ ಪಾತ್ರೆ ತೊಳೆಯುವ ಹಿರಿಯವಳಿಗೆ ಹೊಟ್ಟೆ ಉರಿಯುತ್ತಿತ್ತು. ದೊಡ್ಡ ಇಂಜಿನಿಯರ್ರು ಇವಳು! ಆದರೂ ಒಂದು ಭಾನುವಾರವೂ ಅವಳು ಆ ಕಿಟಕಿ ಬಿಟ್ಟು ಕದಲಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಇಂಜಿನ್ನಿನ ನೀರು ನೋಡಲು ಮರೆತಿದ್ದ ಕಿರಿಯವಳು, ಪೇಟೆಯಿಂದ ಬಂದು ಕಾರು ನಿಲ್ಲಿಸಿದವಳೇ ರೇಡಿಯೇಟರ್ ಮುಚ್ಚಳಕ್ಕೆ ಕೈಹಾಕಿದಳು. ಸುಟ್ಟುಕೊಳ್ಳಲಿ, ಜಂಬ ಇಳಿಯಲಿ ಅನ್ನಿಸಿತು ಹಿರಿಯವಳಿಗೆ. ಆದರೆ ಬಾಯಿ ಸುಮ್ಮನಿರಲಿಲ್ಲ.

"ಏಯ್, ಮುಟ್ಬೇಡ! ಇಂಜಿನ್ ಬಿಸಿ ಇದೆ, ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ. ಪೂರ್ತಿ ತಣ್ಣಗಾಗ್ಲಿ!"

ಕಿರಿಯವಳು ಬೆಚ್ಚಿ ಕೈ ಹಿಂತೆಗೆದಳು. "ಅಯ್ಯೋ ಅಕ್ಕಾ, ಇದೆಲ್ಲ ನಿಮಗೆ ಹೇಗೆ ಗೊತ್ತು?"

"ಮಾವ ನಿನಗೆ ಹೇಳ್ಕೊಟ್ಟಿದ್ದೇ," ಎಂದು ಹಿರಿಯವಳು ಮುಖ ತಿರುಗಿಸಿದಳು.

ಊಟದ ಹೊತ್ತಿಗೆ ಕಿರಿಯವಳು ಎಲ್ಲರೆದುರು ಹೇಳಿದಳು: "ತಪ್ಪು ನಂದೇ. ಅಕ್ಕ ಕೂಗದೇ ಇದ್ದಿದ್ರೆ ನನ್ನ ಮುಖ ಉಳೀತಿರ್ಲಿಲ್ಲ."

ಬಡಿಸುತ್ತಿದ್ದ ಹಿರಿಯವಳು ಸೌಟು ಹಿಡಿದು ಕಾದಳು. ಮಾವ ಮೆಚ್ಚಿ ತಲೆದೂಗಿದರು, ಕಿರಿಯವಳ ಕಡೆಗೆ.

"ಎಂಥ ದೊಡ್ಡ ಮನಸ್ಸಮ್ಮ ನಿಂದು! ತಪ್ಪನ್ನೂ ಮುಚ್ಚಿಡದೆ ಒಪ್ಕೊಳ್ತೀಯಲ್ಲ!"