ಗಂಜಿಯ ಕಟ್ಟು

ನನ್ನ ಎಡಗೈ ಸೊಟ್ಟಾದದ್ದು ಬಿದ್ದದ್ದರಿಂದ ಅಲ್ಲ, ಕಟ್ಟಿದ್ದರಿಂದ. ಕಟ್ಟಿದವಳು ನನ್ನ ಆಯಿ, ಅಪ್ಪನ ತಾಯಿ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಡೆದದ್ದು ಅಷ್ಟೇ.

ಮೊನ್ನೆ ಲಕ್ಷ್ಮೇಶ್ವರದಲ್ಲಿ ನನ್ನ ಮೊಮ್ಮಗಳು ಸ್ಕೂಟರಿನಿಂದ ಬಿದ್ದು ಮುಂಗೈ ಮುರಿದುಕೊಂಡಳು. ಡಾಕ್ಟರು ಮೊದಲು ಹತ್ತಿ ಸುತ್ತಿ, ಅದರ ಮೇಲೆ ನೀಲಿ ಪಟ್ಟಿ ಸುತ್ತಿದರು. ನೋಡನೋಡುತ್ತ ಗಟ್ಟಿಯಾಯಿತು. ಎತ್ತಿದರೆ ಹಗುರ, ಮೂಸಿದರೆ ವಾಸನೆಯೇ ಇಲ್ಲ. ನನ್ನ ಮೂಗು ಹುಡುಕಿದ್ದು ಹುಳಿ ಬಂದ ಗಂಜಿಯ ವಾಸನೆಯನ್ನು.

ಬೆಟಗೇರಿಯ ನಮ್ಮ ಮನೆ ತುಂಬ ಆ ವಾಸನೆಯೇ ಇರುತ್ತಿತ್ತು. ನೇಕಾರರ ಮನೆಯಲ್ಲಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗ ಎರಡು, ಅಪ್ಪನದೊಂದು, ಕಾಕಾನದೊಂದು. ನೇಯುವವರು ಕಾಲು ಇಳಿಬಿಡಲು ಮಗ್ಗದ ಕೆಳಗೆ ತೋಡಿದ್ದ ಕುಣಿಗಳನ್ನು ಈಗ ಮುಚ್ಚಿ ಫರಸಿ ಹಾಕಿದ್ದಾರೆ, ಮೇಲೆ ಬೈಕ್ ರಿಪೇರಿ ನಡೆಯುತ್ತದೆ. ಆಗ ಬೆಳಗಾದರೆ ಓಣಿಯುದ್ದಕ್ಕೂ ಹಾಸಿನ ಉದ್ದ ನೂಲನ್ನು ಬಿಗಿಯಾಗಿ ಚಾಚಿ, ಅದು ಗಟ್ಟಿಯಾಗಲೆಂದು ಆಯಿ ಗಂಜಿ ಸವರುತ್ತಿದ್ದಳು. ಒಂದು ಎಳೆ ಜೋಲು ಬಿದ್ದರೂ ಸೊಸೆಯಂದಿರಿಗೆ ಬೈಗುಳ ತಪ್ಪುತ್ತಿರಲಿಲ್ಲ. ನಾನು ಅಟ್ಟದ ಏಣಿಯಿಂದ ಬಿದ್ದು ಎಡಗೈ ಮುರಿದುಕೊಂಡಾಗ ಹತ್ತು ವರ್ಷದವಳಿದ್ದೇನು. ಎಲುಬು ಕೂಡಿಸುವವನನ್ನು ಕರೆತರಲು ಅಪ್ಪ ಮುಳಗುಂದಕ್ಕೆ ಹೊರಟರೆ, ಇಷ್ಟಕ್ಕೆಲ್ಲ ಅಷ್ಟು ದೂರ ಯಾಕೆಂದು ಆಯಿ ತಡೆದಳು. ಬಿದಿರಿನ ಕಡ್ಡಿ ಇಟ್ಟು, ಹಳೇ ಸೀರೆಯ ಪಟ್ಟಿಯನ್ನು ಗಂಜಿಯಲ್ಲಿ ಅದ್ದಿ, ನೂಲು ಸುತ್ತಿದಂತೆ ಬಿಗಿಯಾಗಿ ಸುತ್ತಿದಳು. ಹತ್ತಿ ಇಡಲಿಲ್ಲ. ಮುರಿದ ಕೈ ಬಾತುಕೊಳ್ಳುತ್ತದೆ, ಅದಕ್ಕೆ ಒಳಗೆ ಜಾಗ ಬೇಕು ಎಂಬುದು, ಸಡಿಲ ಬಿಟ್ಟವರನ್ನು ಬೈಯುತ್ತಲೇ ಬಾಳಿದವಳಿಗೆ ಹೇಗೆ ಹೊಳೆಯಬೇಕು?

ಒಣಗಿ ಅದು ಕಲ್ಲಾಯಿತು. ನೋವೆಂದು ಅತ್ತರೆ, "ಎಲಬು ಕೂಡು ಮುಂದ ಹಂಗ ಜಗ್ಗತೈತಿ, ಸುಮ್ನ ಕುಂದರು," ಎಂದಳು. ಮೂರನೇ ದಿನ ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದವು. ಅಪ್ಪ ನನ್ನನ್ನು ಹೊತ್ತುಕೊಂಡು ಗದಗಿನ ದವಾಖಾನೆಗೆ ಓಡಿದ. ಅಲ್ಲಿ ಅದನ್ನು ಕತ್ತರಿಸಿ ತೆಗೆದು, ಬಾವು ಇಳಿದ ಮೇಲೆ ಹತ್ತಿ ಇಟ್ಟು ಬಿಳೀ ಪ್ಲಾಸ್ಟರ್ ಹಾಕಿದರು. ಇನ್ನೊಂದು ದಿನ ತಡವಾಗಿದ್ದರೆ ಕೈಯೇ ಹೋಗುತ್ತಿತ್ತೆಂದು ಡಾಕ್ಟರು ಅಪ್ಪನಿಗೆ ಬೈದರು. ಅಪ್ಪ ಆ ಮಾತು ಮನೆಯಲ್ಲಿ ಎತ್ತಲಿಲ್ಲ. ಆದರೂ ಆಯಿಗೆ ತಿಳಿಯಿತು. ಒಂದು ರೊಟ್ಟಿಗೆ ಊಟ ಮುಗಿಸಿ ಏಳತೊಡಗಿದಳು. ಸೊಸೆಯಂದಿರನ್ನು ಬೈಯುವುದು ನಿಂತಿತು. ನನ್ನನ್ನು ಮುಟ್ಟಲಿಕ್ಕೂ ಅಂಜುತ್ತಿದ್ದಳು.

ಆ ಬಿಗಿ ಕಟ್ಟಿನಲ್ಲಿ ರಕ್ತ ಹರಿಯದೆ ಕೈ ಆಗಲೇ ಸೊಟ್ಟಗೆ ಸೆಟೆದುಕೊಂಡಿತ್ತು. ಪ್ಲಾಸ್ಟರ್ ತೆಗೆಸಿಕೊಂಡು ಬಂದ ಸಂಜೆ ಅವಳು ಹೊಸ್ತಿಲ ಹತ್ತಿರವೇ ಕೂತಿದ್ದಳು. ನನ್ನ ಕೈ ನೋಡಲಿಲ್ಲ, ಮುಖ ನೋಡಿದಳು.

"ಮಡಚಾಕ ಬರತೈತೇನ ಯವ್ವಾ?"

"ಬರತೈತಿ," ಎಂದೆ. ಬರುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಹಲ್ಲು ಕಚ್ಚಿಕೊಂಡು, ಆ ಕೈಯನ್ನೂ ಹಚ್ಚಿ ನನ್ನ ಜಡೆ ನಾನೇ ಹೆಣೆದುಕೊಂಡೆ. ಸೊಟ್ಟಗೆ ಬಂತು. ಹಾಗೇ ಹೋಗಿ, ಜಡೆ ಕಣ್ಣಿಗೆ ಬೀಳುವಂತೆ ಮುಂದೆ ಹಾಕಿಕೊಂಡು ಆಯಿಯ ಎದುರಿಗೆ ಕುಳಿತು, ರೊಟ್ಟಿ ಕೊಡು ಎಂದೆ.