ಆ ಕಡಲ ಹುಳುವಿನ ಕೆಂಪು

ಬೋಟಿನಿಂದ ನೀರಿಗಿಳಿದು ಒಂದಾಳುದ್ದವೂ ಆಗಿರಲಿಲ್ಲ, ನನ್ನ ಎಡಗಿವಿಯೊಳಗೆ ಸೂಜಿ ಚುಚ್ಚಿದಂತಾಯಿತು.

ಮೂಗು ಹಿಡಿದು ಕಿವಿಯತ್ತ ಗಾಳಿ ಒತ್ತಿದೆ. ತುಸು ಮೇಲೇರಿ ಮತ್ತೆ ಇಳಿದೆ. ಕಿವಿ ಒಪ್ಪಲಿಲ್ಲ. ಜೊತೆಗಿದ್ದ ಮಂಜುಳಾ ನನ್ನ ಮುಖ ನೋಡಿದವಳೇ ಮೇಲಕ್ಕೆ ಕರೆತಂದುಬಿಟ್ಟಳು.

ಮಂಜುಳಾ ಮೇಡ್ಲೇರಿಯವಳು. ತುಂಗಭದ್ರೆಯಲ್ಲಿ ಈಜು ಕಲಿತು, ರಾಣೆಬೆನ್ನೂರಿನಲ್ಲಿ ನನ್ನ ಬಳಿ ಜೀವಶಾಸ್ತ್ರ ಕಲಿತವಳು. ಈಗ ಮುರ್ಡೇಶ್ವರದಲ್ಲಿ ಸ್ಕೂಬಾ ಡೈವಿಂಗ್ ಕಲಿಸುತ್ತಾಳೆ.

ಇಷ್ಟಕ್ಕೆಲ್ಲ ಕಾರಣ ನಮ್ಮ ಶಾಲೆಯ ಪ್ರಯೋಗಾಲಯದ ಒಂದು ಸೀಸೆ. ಅದರಲ್ಲಿ ಚಿಪ್ಪಿಲ್ಲದ ಕಡಲ ಬಸವನಹುಳು, ಅಂದರೆ ಸೀ ಸ್ಲಗ್, ಫಾರ್ಮಲಿನ್‌ನಲ್ಲಿ ಮುಳುಗಿ ಬೇಯಿಸಿದ ಬೆಳ್ಳುಳ್ಳಿಯಂತೆ ಬಿಳಿಚಿಕೊಂಡಿತ್ತು.

"ಜೀವ ಇದ್ದಾಗ ಇದರ ಬಣ್ಣ ಯಾವ್ದಿತ್ರಿ ಅಕ್ಕೋರ?" ಎಂದು ಕೇಳಿದ್ದವಳು ಇದೇ ಮಂಜುಳಾ.

ಕೆಂಪು ಎಂದೆ.

"ಎಂಥಾ ಕೆಂಪ್ರಿ?"

ನನಗೆ ಗೊತ್ತಿರಲಿಲ್ಲ. ನಾನು ಓದಿ ತಿಳಿದವಳು, ಕಂಡವಳಲ್ಲ.

ಈಗ ಅವಳು ನೀರಿನಿಂದೆದ್ದ ಕೂಡಲೇ ಫೋಟೊ ಕಳಿಸುತ್ತಾಳೆ. ತಲೆಯ ಮೇಲಿನ ಎರಡು ಕೊಂಬು, ಬೆನ್ನ ಮೇಲೆ ಹೂವಿನಂತೆ ಅರಳಿದ ಕಿವಿರು, ಮೈಯಂಚಿನ ಗೆರೆ, ಇವನ್ನೆಲ್ಲ ಪುಸ್ತಕದೊಂದಿಗೆ ಹೋಲಿಸಿ ಯಾವ ಜಾತಿಯೆಂದು ನಾನು ಮನೆಯಲ್ಲಿ ಕುಳಿತೇ ಹೇಳುತ್ತೇನೆ. ತಪ್ಪಿದ್ದು ಅಪರೂಪ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಆದರೆ ಆ ಸೀಸೆಯಲ್ಲಿದ್ದ ಜಾತಿಯದು ಮಾತ್ರ ಒಂದೊಂದು ಫೋಟೊದಲ್ಲಿ ಒಂದೊಂದು ಬಣ್ಣ. ಆಳದಲ್ಲಿ ಕೆಂಪು ಮಂಕಾಗುತ್ತದೆ, ಟಾರ್ಚ್ ಹಿಡಿದರೆ ಉರಿದೇಳುತ್ತದೆ.

"ಕ್ಯಾಮೆರಾ ನಂಬಬ್ಯಾಡ್ರಿ ಅಕ್ಕೋರ, ನೀವ ಬಂದ ನೋಡ್ರಿ" ಎಂದಳು.

ಬ್ಯಾಡಗಿಯಲ್ಲಿರುವ ನನ್ನ ತಂಗಿ ಬಿದ್ದು ಬಿದ್ದು ನಕ್ಕಳು. "ಬಸವನಹುಳಾ ನೋಡಾಕ ಸಮುದ್ರಕ್ಕ ಹೊಂಟೀಯೇನ? ಮಳಿ ಬಿದ್ದಾಗ ನಮ್ಮ ಹಿತ್ತಲಕ್ಕ ಬಾ, ಫುಕಟ್ ತೋರಸ್ತೇನಿ!"

ಹೋದೆ. ವೈದ್ಯರು ಒಪ್ಪಿದರು, ಈಜುಕೊಳದ ತರಬೇತಿಯೂ ಮುಗಿಯಿತು. ಮಂಜುಳಾ ಚುಡಾಯಿಸಿದ್ದು ಒಂದೇ ವಿಷಯಕ್ಕೆ: "ನೀರಾಗ ಮಾತಾಡಾಕ ಬರಂಗಿಲ್ರಿ. ಯಾರನ್ನೂ ತಿದ್ದಾಕ ಆಗಂಗಿಲ್ಲ. ತಡ್ಕೋತೀರೇನ್ರಿ?"

ಎಲ್ಲವನ್ನೂ ತಡೆದುಕೊಂಡೆ. ಕಿವಿಯೊಂದು ತಡೆಯಲಿಲ್ಲ...

ಬೋಟಿನಲ್ಲಿ ಟವೆಲ್ ಹೊದ್ದು ಕುಳಿತಿದ್ದೆ. ಕೆಳಗೆ, ಬಂಡೆಯ ಮೇಲೆ, ಆ ಹುಳು ಇತ್ತು. ಬೆಳಿಗ್ಗೆಯ ಡೈವ್‌ನಲ್ಲಿ ಮಂಜುಳಾ ನೋಡಿ ಬಂದಿದ್ದಳು.

"ಡಬ್ಬ್ಯಾಗ ಹಾಕ್ಕೊಂಡ ಬರ್ಲೇನ್ರಿ?" ಎಂದಳು ಮೆಲ್ಲಗೆ. "ಅವನ್ನ ಮುಟ್ಟಬಾರದು ಅಂತ ನಾನ ಎಲ್ಲಾರಿಗೂ ಹೇಳ್ತೇನಿ. ಆದ್ರ ನಿಮ್ಮ ಸಲುವಾಗಿ..."

'ತಾ' ಎಂಬ ಒಂದೇ ಅಕ್ಷರ ನಾಲಗೆಯ ತುದಿಯಲ್ಲಿತ್ತು. ಅಷ್ಟು ಆಸೆಯಿತ್ತು ನನಗೆ.

ಆ ಸೀಸೆ ಕಣ್ಣ ಮುಂದೆ ಬಂತು.

"ಬ್ಯಾಡವಾ, ಅದು ಇದ್ದಲ್ಲೇ ಇರ್ಲಿ."

ಅವಳು ಜೊತೆಗಾರನೊಂದಿಗೆ ಮತ್ತೆ ಮುಳುಗಿದಳು. ನಾನು ಲೈಫ್ ಜಾಕೆಟ್ ತೊಟ್ಟು, ಬೋಟಿನ ಹಗ್ಗ ಹಿಡಿದು, ನೀರಿಗೆ ಮುಖವಿಟ್ಟು ತೇಲುತ್ತ ನೋಡಿದೆ.

ಬರೀ ನೀಲಿ. ಬಹಳ ಕೆಳಗೆ ಅವಳ ಟಾರ್ಚ್ ಹತ್ತಿತು. ಬೆಳಕಿನ ಆ ಪುಟ್ಟ ವೃತ್ತದೊಳಗೆ ಏನೋ ಒಂದು ಕೆಂಪಗೆ ಮಿಸುಕಿತು...

ಅಷ್ಟರಲ್ಲಿ ಅವಳ ಉಸಿರಿನ ಗುಳ್ಳೆಗಳು ಎದ್ದು ಬಂದು ಎಲ್ಲವನ್ನೂ ಮುಚ್ಚಿದವು. ಅವು ಸರಿದಾಗ ಬೆಳಕು ಬೇರೆಡೆಗೆ ಹೊರಳಿತ್ತು.

"ಕಾಣ್ತೇನ್ರಿ ಅಕ್ಕೋರ?" ಮೇಲೆ ಬಂದವಳು ಏದುಸಿರು ಬಿಡುತ್ತ ಕೇಳಿದಳು.

"ಹೂಂವಾ, ಕಾಣ್ತು" ಎಂದೆ. ಎಂಥ ಕೆಂಪು ಎಂದು ಈ ಬಾರಿ ಅವಳು ಕೇಳಲಿಲ್ಲ.

ಮೊನ್ನೆ ತಂಗಿಯೊಡನೆ ಬ್ಯಾಡಗಿಯ ಮಾರುಕಟ್ಟೆಗೆ ಹೋಗಿದ್ದೆ. ಮೆಣಸಿನಕಾಯಿಯ ರಾಶಿಗಳ ಮುಂದೆ ಒಂದೊಂದಾಗಿ ನಿಂತು ನೋಡುತ್ತಿದ್ದೆ. "ಲಗೂ ಬಾರವಾ, ಕಾಯಿ ಆರಸಾಕತ್ತೀಯೋ, ಓದಾಕತ್ತೀಯೋ?" ಎಂದು ತಂಗಿ ಗದರಿದಳು.

ನಿಮ್ಮಲ್ಲಿ ಯಾರಾದರೂ ಆ ಹುಳುವನ್ನು ಜೀವಂತವಾಗಿ, ಹತ್ತಿರದಿಂದ ಕಂಡಿದ್ದರೆ ದಯವಿಟ್ಟು ಹೇಳಿ: ಅದು ಗಿಡದಲ್ಲಿ ಆಗಷ್ಟೇ ಹಣ್ಣಾದ ಮೆಣಸಿನಕಾಯಿಯ ಕೆಂಪೇ, ಒಣಗಿ ಸುಕ್ಕಾದದ್ದರ ಕೆಂಪೇ?