ಅದಿರು ಕೊಳ್ಳುವವರ ಜೊತೆ ಸಂಡೂರಿಗೆ

ಕಂಪ್ಲಿಯಿಂದ ಬೆಳಗಿನ ಬಸ್ಸಿಗೆ ಬಂದು, ಹೊಸಪೇಟೆ ನಿಲ್ದಾಣದಲ್ಲಿ ಒಗ್ಗರಣೆ ಮಂಡಕ್ಕಿ ತಿಂದು ಅತಿಥಿಗಳು ಇಳಿದಿದ್ದ ಹೋಟೆಲ್ ಮುಟ್ಟಿದಾಗ ಕಾರುಗಳು ಹೊರಟು ನಿಂತಿದ್ದವು. ಹಂಪಿಯಲ್ಲಿ ಗೈಡ್ ಆಗಿರುವ ನನ್ನನ್ನು ಆ ದಿನ ದುಭಾಷಿಯಾಗಿ ಕರೆದಿದ್ದರು. ಅತಿಥಿಗಳು ನಮ್ಮ ಕಬ್ಬಿಣದ ಅದಿರು ಕೊಳ್ಳುವ ದೇಶವೊಂದರ ರಾಯಭಾರ ಕಚೇರಿಯವರು. ರಫ್ತು ಸುಂಕ ಇಳಿಸಿ ಎಂದು ಅವರು, ಆಗದು ಎಂದು ದಿಲ್ಲಿಯವರು, ತಿಂಗಳುಗಳಿಂದ ಮುನಿಸು. ಅದನ್ನು ತಣಿಸಲು ಸಂಡೂರಿನ ಗಣಿ, ಸಂಜೆಗೆ ಹಂಪಿ ತೋರಿಸುವ ಏರ್ಪಾಡು.

ಸಂಡೂರು ಇನ್ನೂ ದೂರವಿರುವಾಗಲೇ ಲಾರಿಗಳ ಸಾಲು ನಿಂತಿತ್ತು. ಬಿಸಿಲು ಸುಡುತ್ತಿತ್ತು. ಮುಂದೆ ಹೆಂಗಸರು ರಸ್ತೆಗೆ ಕಲ್ಲು ಉರುಳಿಸಿ, ಖಾಲಿ ಕೊಡ ಇಟ್ಟುಕೊಂಡು ಕುಳಿತಿದ್ದರು. ಅತಿಥಿಗಳ ಮುಖ್ಯಸ್ಥೆ ಕಾರಿನಿಂದ ಇಳಿದೇಬಿಟ್ಟರು.

"ಸ್ವಾಗತ ಮಾಡಾಕ ಬಂದಾರ ಅಂತ ಹೇಳ್ರಿ ಮೇಡಂ," ಎಂದು ಜೊತೆಗಿದ್ದ ನಮ್ಮ ಅಧಿಕಾರಿ ನನ್ನ ಕಿವಿಯಲ್ಲಿ ಉಸುರಿದರು. ರಸ್ತೆಗೆ ಬಂಡೆ ಇಟ್ಟು ಯಾರು ಸ್ವಾಗತ ಮಾಡುತ್ತಾರೆ? ನನಗೆ ರೇಗಿಹೋಯಿತು.

ಹುಲಿಗೆಮ್ಮ ಎಂಬಾಕೆ ಎದ್ದು ಬಂದರು. "ಗುಡ್ಡ ನಮ್ದು, ಧೂಳೂ ನಮ್ಗ. ಗಣಿ ರೊಕ್ಕದಾಗ ಊರಿಗೆ ನೀರಿನ ಪೈಪ್ ಹಾಕ್ತೀವಿ ಅಂದ್ರು. ಈಗ ಜಿಲ್ಲೆ ಎರಡಾದ ಮ್ಯಾಲ ಆ ರೊಕ್ಕ ಹಳೇ ಜಿಲ್ಲೆದೋ ಹೊಸ ಜಿಲ್ಲೆದೋ ಅಂತ ಜಗಳ ಹಚ್ಕೊಂಡು ಕುಂತಾರ!"

ಇದ್ದಂತೆ ಇಂಗ್ಲಿಷಿಗೆ ತಿರುಗಿಸಿದೆ. ಸುಂಕ ಇಳಿದರೆ ವ್ಯಾಪಾರ ಹೆಚ್ಚುತ್ತದೆ, ನಿಮಗೂ ಒಳ್ಳೆಯದಲ್ಲವೇ ಎಂದರು ಮುಖ್ಯಸ್ಥೆ.

"ಇನ್ನಷ್ಟು ಲಾರಿ ಬರ್ತಾವ. ನೀರು ಬರ್ತೈತೇನ್ರಿ?"

ಅದನ್ನೂ ತಿರುಗಿಸಿದಾಗ, ಸುಂಕದ ಮಾತು ದಿಲ್ಲಿಯಲ್ಲಿ ಆಗಲಿ ಎಂದು ಅಧಿಕಾರಿಗೆ ಹೇಳಿ ಮುಖ್ಯಸ್ಥೆ ಕಾರು ಹತ್ತಿದರು. ಪರವೂರಿನವರೆಂದು ಹೆಂಗಸರು ನಮ್ಮ ಕಾರುಗಳಿಗಷ್ಟೇ ದಾರಿ ಬಿಟ್ಟರು.

ಸಂಡೂರಿನ ಅತಿಥಿಗೃಹದಲ್ಲಿ ಎಲ್ಲರೂ ಊಟಕ್ಕೆ ಕೂರುವಾಗ ಅಧಿಕಾರಿ ನನ್ನನ್ನು ಹೊರಗೆ ಕರೆದರು. "ಎರಡು ದೇಶದ ಸಂಬಂಧ ಕೆಡಿಸಿಟ್ರಿ! ಇನ್ನ ನೀವು ಬರೋದು ಬ್ಯಾಡ, ಬಸ್ಸಿಗೆ ಹೋಗ್ರಿ." ಅವರಿಗೂ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಬೇಕಿದ್ದರೆ ಆ ಸುಳ್ಳನ್ನು ಅವರೇ ಹೇಳಬಹುದಿತ್ತು. ಹಾಗೆಂದೆ. ಊಟವೂ ತಪ್ಪಿತು.

ಹೊಸಪೇಟೆ ಬಸ್ಸಿನಲ್ಲಿ ಆಧಾರ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ಪಡೆದು ಕುಳಿತೆ. ಹೆಂಗಸರು ಕಲ್ಲಿಟ್ಟು ಕುಳಿತ ಅದೇ ಜಾಗದಲ್ಲಿ ಬಸ್ಸು ನಿಂತಿತು. ಹುಲಿಗೆಮ್ಮ ಕಿಟಕಿಗೆ ಬಂದರು.

"ನಾ ಅಂದಿದ್ದು ಪೂರ್ತಿ ಹೇಳಿದ್ರಿಲ್ಲೋ?"

"ಒಂದು ಮಾತೂ ಬಿಡಲಿಲ್ಲ."

"ಏನಂದ್ರು ಮತ್ತ?"

"ಸುಂಕದ ವಿಷಯ ದಿಲ್ಲಿಯಲ್ಲಿ ಮಾತಾಡ್ತಾರಂತೆ."

"ನೀರಿಂದು?"

"ಅದು ಯಾರ ಬಾಯಲ್ಲೂ ಬರಲಿಲ್ಲ," ಎಂದೆ. ನನಗೇ ನಾಚಿಕೆಯಾಯಿತು.

ಆಕೆ ಕಿಟಕಿಯಿಂದ ಒಳಗೆ ಇಣುಕಿ, "ಬಸ್ಸಿನ್ಯಾಗ ಮಕ್ಳದಾವ, ಬಿಡ್ರೇ," ಎಂದು ಉಳಿದವರಿಗೆ ಕೂಗಿದರು.

ಬಸ್ಸು ದಾಟಿತು. ತಿರುಗಿ ನೋಡಿದೆ. ಇಬ್ಬರು ಹೆಂಗಸರು ಸೆರಗು ಸಿಕ್ಕಿಸಿ ಕಲ್ಲನ್ನು ಮತ್ತೆ ರಸ್ತೆಯ ನಡುವಿಗೆ ಉರುಳಿಸುತ್ತಿದ್ದರು.